ಸೇತುವೆ ಮುಳುಗಿದರೂ ಒಂಟಿಯಾಗದ ಊರು: ಯಡೂರಿನ ದೆವ್ವಗಳ ಪರವಾಗಿ ಒಂದು ಮಹಾಪ್ರಬಂಧದ ತುಣುಕು

ಚಿಕ್ಕೋಡಿ ತಾಲ್ಲೂಕಿನ ಯಡೂರಿನಲ್ಲಿ ದೆವ್ವಗಳು ಏಕೆ ಏಳಿಗೆ ಕಾಣಲಿಲ್ಲ ಎಂಬ ಪ್ರಶ್ನೆಯನ್ನು ಇದುವರೆಗೆ ಯಾವ ವಿದ್ವಾಂಸರೂ ಎತ್ತಿಲ್ಲ. ಅವರಿಗೆ ಬೇರೆ ಕೆಲಸವಿತ್ತು. ನಮಗೆ ಇರಲಿಲ್ಲ.

ಮೊದಲು ಶಾಸ್ತ್ರ. ಹೊರೇಸ್ ವಾಲ್‌ಪೋಲ್ 1764ರಲ್ಲಿ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಪ್ರಕಟಿಸಿದಾಗ, ಅದು ಹಳೆಯ ಇಟಾಲಿಯನ್ ಪುಸ್ತಕದ ಅನುವಾದವೆಂದು ಸುಳ್ಳು ಹೇಳಿ ತನ್ನ ಹೆಸರು ಮುಚ್ಚಿಟ್ಟ. ಗಾಥಿಕ್ ಎಂಬ ಈ ದೆವ್ವದ ಕಥೆಗಳ ಶಾಸ್ತ್ರ ಹುಟ್ಟಿದ್ದೇ ಸುಳ್ಳಿನ ಹೊಟ್ಟೆಯಲ್ಲಿ ಎಂದ ಮೇಲೆ ನಮಗೂ ಧೈರ್ಯ ಬಂತು. ಅಂದಿನಿಂದ ಇಂದಿನವರೆಗಿನ ಗ್ರಂಥರಾಶಿಯನ್ನು ಅರ್ಧಂಬರ್ಧ ಓದಿ ನಾವು ಕಂಡುಕೊಂಡ ಸೂತ್ರ ಇಷ್ಟೇ: ಕಥೆಯೊಳಗೆ ದೆವ್ವವನ್ನು ತರುವುದು ಕಷ್ಟವಲ್ಲ, ಉಳಿದ ಜನರನ್ನು ಹೊರಗೆ ಕಳಿಸುವುದೇ ಕಷ್ಟ. ದೊಡ್ಡ ಲೇಖಕರೆಲ್ಲ ಬೆವರು ಸುರಿಸಿದ್ದು ಇಲ್ಲಿಯೇ. ಶರ್ಲಿ ಜಾಕ್ಸನ್ 1959ರ ಹಿಲ್ ಹೌಸ್ ಕಾದಂಬರಿಯಲ್ಲಿ ಅಡುಗೆಯವಳನ್ನು ಕತ್ತಲಾಗುವ ಮುಂಚೆ ಮನೆಗೆ ಓಡಿಸಿದಳು. ಹೆನ್ರಿ ಜೇಮ್ಸ್ 1898ರ ತನ್ನ ದೆವ್ವದ ಕಾದಂಬರಿಯಲ್ಲಿ ಇನ್ನೂ ನಾಜೂಕಾದ ಉಪಾಯ ಹೂಡಿದ. ಮಕ್ಕಳನ್ನು ನೋಡಿಕೊಳ್ಳಲು ಬಂದ ಹೆಂಗಸಿಗೆ ಮನೆಯ ಧಣಿ ಹಾಕುವ ಷರತ್ತು ಒಂದೇ: ಏನೇ ಆದರೂ ನನಗೆ ತಿಳಿಸಬೇಡ. ಬೀಗವಿಲ್ಲ, ಕೋಟೆಯಿಲ್ಲ, ಮನೆ ತುಂಬ ಆಳುಗಳೂ ಇದ್ದಾರೆ. ಹೇಳಿಕೊಳ್ಳುವ ಬಾಗಿಲೊಂದನ್ನು ಮುಚ್ಚಿದ್ದಕ್ಕೇ ಆಕೆ ಒಂಟಿಯಾದಳು.

ನಮ್ಮ ಪ್ರಬಂಧಕ್ಕೆ ಮುಖ್ಯ ಆಧಾರ ಮಾತ್ರ ಸೂಸನ್ ಹಿಲ್ ಅವರ 1983ರ ‘ದಿ ವುಮನ್ ಇನ್ ಬ್ಲ್ಯಾಕ್’. ಜೌಗು ನೆಲದ ನಡುವೆ ಈಲ್ ಮಾರ್ಷ್ ಹೌಸ್. ಅಲ್ಲಿಗೆ ಹೋಗಲು ಇರುವುದೊಂದೇ ದಾರಿ, ಸಮುದ್ರದ ಭರತಿ ಬಂದರೆ ಅದೂ ಮುಳುಗುತ್ತದೆ. ತೀರಿಕೊಂಡ ಮುದುಕಿಯ ಕಾಗದಪತ್ರ ನೋಡಲು ಬಂದ ವಕೀಲ ನೀರು ಇಳಿಯುವವರೆಗೆ ದೆವ್ವದ ಪಾಲು. ಕೆಲವು ತಾಸು ಮುಳುಗುವ ದಾರಿಗೇ ಇಷ್ಟು ಫಲವಾದರೆ, ಮಳೆಗಾಲದಲ್ಲಿ ದಿನಗಟ್ಟಲೆ ಮುಳುಗುವ ಕಲ್ಲೋಳ–ಯಡೂರು ಸೇತುವೆಗೆ ಎಷ್ಟು ದೆವ್ವ ಬರಬೇಕು? ತ್ರೈರಾಶಿಕ ಹಾಕಿ, ಕೊಡೆ ಹಿಡಿದು, ನಾವು ಯಡೂರಿಗೆ ಹೊರಟೆವು.

ಆಕಾಶವಂತೂ ಗಾಥಿಕ್ಕಾಗಿಯೇ ಇತ್ತು. ಮಹಾಬಳೇಶ್ವರದಲ್ಲಿ ಮಳೆ. ಕೊಯ್ನಾ, ವಾರಣಾ, ಪಂಚಗಂಗೆಗಳನ್ನು ಕೂಡಿಸಿಕೊಂಡು ಕೃಷ್ಣೆ ಕೆಂಪಗೆ ಬರುತ್ತಿದ್ದಳು, ದೂಧಗಂಗೆಯೂ ಸೇರಲು ಕಾದಿತ್ತು. ಗಾಥಿಕ್ ಕಥೆಯಲ್ಲಿ ತಾನಾಗಿ ತೆರೆಯುವ ಬಾಗಿಲು ಒಂದಾದರೂ ಇರಬೇಕಷ್ಟೆ. ಕೊಲ್ಹಾಪುರ ಜಿಲ್ಲೆಯ ರಾಧಾನಗರಿ ಅಣೆಕಟ್ಟಿಗೆ ಅಂಥವು 7 ಇವೆ. ನೀರು ತುಂಬಿದರೆ ಯಾರೂ ಮುಟ್ಟದೆ ಗೇಟು ತೆರೆದುಕೊಳ್ಳುತ್ತದೆ. ಆದರೆ ಇಲ್ಲಿ ಯಾರೂ ಚೀರಲಿಲ್ಲ. ಚಹಾದಂಗಡಿಯಲ್ಲಿ ಒಬ್ಬರು ಮೊಬೈಲ್ ನೋಡಿ, ಎಷ್ಟನೇ ನಂಬರಿನ ಗೇಟು ತೆರೆಯಿತು, ಎಷ್ಟು ಕ್ಯೂಸೆಕ್ ಬಂತು ಎಂದು ಹೇಳಿದರು. ಮತ್ತೊಬ್ಬರು ಅರ್ಧ ಕಪ್ ಚಹಾ ಹೇಳಿದರು.

ಸಂಜೆಗೆ ಸೇತುವೆ ಮುಳುಗಿತು. ಶಾಸ್ತ್ರದ ಪ್ರಕಾರ ನಿರ್ಜನತೆ ಹುಟ್ಟಬೇಕಾದ ಕ್ಷಣ. ಹುಟ್ಟಿದ್ದು ಜಾತ್ರೆ. ಮುಳುಗಿದ ಸೇತುವೆ ನೋಡಲು ಊರೇ ದಂಡೆಗೆ ಬಂತು. ಪೊಲೀಸರು ಬ್ಯಾರಿಕೇಡ್ ಇಟ್ಟರು, ಅದಕ್ಕೆ ಒರಗಿ ನಿಲ್ಲಲು ಅನುಕೂಲವಾಯಿತು. ಹುಡುಗರು ಸೆಲ್ಫಿ ತೆಗೆದರು. ಗಿರಮಿಟ್ಟಿನ ಗಾಡಿಯವನು ನಮಗಿಂತ ಮೊದಲೇ ಬಂದು, ಈರುಳ್ಳಿ ಹೆಚ್ಚಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ತಯಾರಿದ್ದ. ಆಚೆಗೆ ಹೋಗಲೇಬೇಕಾದವರು ಅಂಕಲಿ–ಮಾಂಜರಿ ಸೇತುವೆಗೆ ಸುತ್ತು ಹಾಕಿ ಹೋದರು. (2005, 2019, 2021ರ ಮಹಾಪೂರಗಳನ್ನು ನಾವು ಈ ತಮಾಷೆಯಲ್ಲಿ ಸೇರಿಸುವುದಿಲ್ಲ. ಆಗಲೂ ನದಿದಂಡೆಯ ಜನ ಎಮ್ಮೆ, ಕರು, ಹಾಸಿಗೆ ಸಮೇತ ಕಾಳಜಿ ಕೇಂದ್ರ ಸೇರಿದರೇ ಹೊರತು ಒಂಟಿಯಾಗುವ ಭಾಗ್ಯ ಸಿಗಲಿಲ್ಲ.)

ಅಮಾವಾಸ್ಯೆಯಾದರೂ ಕೈಹಿಡಿದೀತೆಂದು ಕಾದೆವು. ಇದು ನಮ್ಮ ದೊಡ್ಡ ತಪ್ಪು. ಯಡೂರು ವೀರಭದ್ರೇಶ್ವರನ ಊರು. ಅಮಾವಾಸ್ಯೆಗೆ ಭಕ್ತರ ದಂಡು, ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲ. ಮೇಲಾಗಿ, ಶಿವನ ಜಟೆಯಿಂದ ಹುಟ್ಟಿ, ಭೂತಗಣಗಳನ್ನು ಕಟ್ಟಿಕೊಂಡು ಹೋಗಿ ದಕ್ಷನ ಯಜ್ಞ ಕೆಡಿಸಿದವನು ಈತ. ಅಂದರೆ ಊರಿನ ಭೂತಗಳೆಲ್ಲ ಈತನ ಹಾಜರಿಪುಸ್ತಕದಲ್ಲಿವೆ. ಸಾಹೇಬರ ಕಚೇರಿಯ ಎದುರೇ ಖಾಸಗಿ ದಂಧೆ ಮಾಡುವ ಧೈರ್ಯ ಯಾವ ದೆವ್ವಕ್ಕಿದೆ?

ಉಳಿದದ್ದು ಅಟ್ಟ. ಜೇನ್ ಆಸ್ಟಿನ್ ‘ನಾರ್ತಾಂಗರ್ ಆಬಿ’ಯಲ್ಲಿ ಗಾಥಿಕ್ ಹುಚ್ಚಿನ ಹುಡುಗಿಯೊಬ್ಬಳಿಗೆ ಕಪಾಟಿನೊಳಗೆ ಹಳೆಯ ಕಾಗದ ಸಿಗುವಂತೆ ಮಾಡಿದಳು. ಬೆಳಗಾದ ಮೇಲೆ ನೋಡಿದರೆ ಅದು ಅಗಸರ ಲೆಕ್ಕ. ನಾವು ಇಳಿದುಕೊಂಡಿದ್ದ ಮನೆಯ ಅಟ್ಟದ ಟ್ರಂಕಿನಲ್ಲಿ ಸಿಕ್ಕದ್ದು ಕಬ್ಬಿನ ತೂಕದ ಚೀಟಿಗಳು. ನಡುಗುವ ಕೈಯಿಂದ ತೆಗೆದುಕೊಂಡು ಕೆಳಗಿಳಿದರೆ ಮನೆಯ ಆಯಿ ದೀಪ ಹಿಡಿದು ನಿಂತಿದ್ದರು. “ಒಬ್ಬಾಂವನ ಅಟ್ಟಾ ಯಾಕ ಹತ್ತೀದಿ ತಮ್ಮಾ? ಉಂಡೀ ಇಲ್ಲೋ?” ಆ ವಾರ ನಮಗೆ ಈ ಪ್ರಶ್ನೆ ಹಾಕದವರಿಲ್ಲ. ಇದರ ಜೋಡಿ ಪ್ರಶ್ನೆಯೊಂದಿತ್ತು: “ನೀವು ಯಾರ ಪೈಕಿ?” ಹೆನ್ರಿ ಜೇಮ್ಸನ ಧಣಿ ಈ ಊರಿನವನಾಗಿದ್ದರೆ ಆ ಕಾದಂಬರಿ ಎರಡನೇ ಪುಟಕ್ಕೆ ಮುಗಿಯುತ್ತಿತ್ತು.

ಕೊನೆಯ ಆಸೆ ಕಬ್ಬಿನ ಹೊಲ. ಆಳೆತ್ತರ ಮೀರಿದ ಕಬ್ಬು, ಎಡಬಲ ಗೋಡೆಯಂತೆ ಎಲೆ, ಕಾಲಡಿ ಸರಬರ ಎನ್ನುವ ಒಣಎಲೆಯ ರವದಿ. ಯಾವ ಇಂಗ್ಲಿಷ್ ಕೋಟೆಯ ಓಣಿಯೂ ಇದರ ಮುಂದೆ ನಿಲ್ಲದು. ಬೇಸಿಗೆಯಲ್ಲಿ ಮತ್ತೆ ಹೋದೆವು. ತ್ರೀ ಫೇಸ್ ಕರೆಂಟಿನ ಪಾಳಿ ರಾತ್ರಿ ಎರಡಕ್ಕೆ. ನೀರು ಹಾಯಿಸಲು ರೈತ ಒಬ್ಬನೇ ಸಲಿಕೆ ಹೊತ್ತು ಹೊರಟ. ಜೊತೆಗೆ ಹೋದರೆ ಅವನು ಒಂಟಿಯಾಗಿ ಉಳಿಯುವುದಿಲ್ಲ, ಪ್ರಯೋಗ ಕೆಡುತ್ತದೆ. ಆದ್ದರಿಂದ ನಾವು ಮೋಟಾರು ಶೆಡ್ಡಿನಲ್ಲೇ ಕುಳಿತೆವು. ಐದು ನಿಮಿಷದಲ್ಲಿ ತಿಳಿಯಿತು, ಈಗ ಒಂಟಿಯಾದದ್ದು ಸಂಶೋಧಕ. ಸ್ಟಾರ್ಟರ್ ಗುಂಯ್ ಎನ್ನುತ್ತಿತ್ತು. ಬೆನ್ನ ಹಿಂದೆ ರವದಿ ಸರಿಯಿತು. ಶಾಸ್ತ್ರ ಕೊನೆಗೂ ಫಲಿಸಿತೆಂಬ ಸಂತೋಷದಲ್ಲಿ ನಾವು ಕಿರುಚಿದೆವು.

ಕಬ್ಬಿನೊಳಗಿಂದ ಆರು ಕಡೆ “ಏನಾತ್ರೀ?” ಎಂಬ ಉತ್ತರ ಬಂತು. ಒಂದೇ ಲೈನಿನ ಪಂಪುಗಳಿಗೆಲ್ಲ ಕರೆಂಟು ಒಮ್ಮೆಗೇ ಬರುತ್ತದೆ ಎಂಬ ವಿದ್ಯುತ್ ಶಾಸ್ತ್ರವನ್ನು ನಾವು ಓದಿರಲಿಲ್ಲ. ರಾತ್ರಿ ಎರಡಕ್ಕೆ ಯಡೂರಿನ ಹೊಲಗಳಲ್ಲಿ ಇರುವಷ್ಟು ಜನ ಹಗಲಿನಲ್ಲೂ ಇರುವುದಿಲ್ಲ. ನಮ್ಮ ರೈತ ಬದುವಿಗೆ ಬಂದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದ. ಆರು ಮಂದಿ ಓಗೊಟ್ಟರು. ಅವನದನ್ನು ಬಿಟ್ಟು ದೂರದಲ್ಲಿ ಕಾಣುತ್ತಿದ್ದ ಬ್ಯಾಟರಿ ಬೆಳಕು ಏಳು.

“ಏ, ಆ ಮೂಲ್ಯಾಗಿನ ಬ್ಯಾಟರಿ ಯಾರ್ದಪಾ? ಯಾರ ಪೈಕಿ ನೀ? ಉಂಡೀ ಇಲ್ಲೋ?” ಎಂದು ಅವನು ಕೂಗಿದ.

ಏಳನೆಯ ಬೆಳಕು ಒಂದು ಗಳಿಗೆ ನಿಂತಿತು, ಆಮೇಲೆ ಹೊಳೆಯ ಕಡೆಗೆ ಓಡಿತು.