ಬರಿಗಣ್ಣಿನ ಎಕ್ಸರೇ

ಸಾವಳಗಿಯ ಚಾದಂಗಡಿ ಮುಂದಿನ ಕಟ್ಟೆಯ ಮೇಲೆ ದಿನಾ ಮುಂಜಾನೆ ಎಂಟರಿಂದ ಹನ್ನೊಂದರ ತನಕ ಕೂಡುವ ನಮ್ಮ ಕಾಕಾರ ಬಗ್ಗೆ ಇದುವರೆಗೆ ಯಾರೂ ನಾಲ್ಕು ಒಳ್ಳೆಯ ಮಾತು ಬರೆದಿಲ್ಲ. ಈ ಅನ್ಯಾಯ ಇನ್ನು ಸಾಕು. ಬಿದ್ದವರು, ಉಳುಕಿಸಿಕೊಂಡವರು, ಕೆಮ್ಮುವವರು ಯಾರೇ ಎದುರಿಗೆ ಹಾದುಹೋಗಲಿ, ಅವರಿಗೆ ಎಕ್ಸರೇ ಬೇಕೋ ಬೇಡವೋ ಎಂಬುದನ್ನು ಕಾಕಾ ಕೈಯಲ್ಲಿನ ಚಹಾ ತುಳುಕದಂತೆ ಹೇಳಬಲ್ಲರು.

ಜರ್ಮನಿಯ ರಾಂಟ್‌ಜೆನ್ ಎಂಬ ಪ್ರೊಫೆಸರ್ 1895ರ ನವೆಂಬರ್ 8ರಂದು ಈ ಕಿರಣಗಳನ್ನು ಕಂಡ. ಹೆಂಡತಿಯ ಕೈಯ ಎಲುಬು, ಬೆರಳಿನ ಉಂಗುರ ಕಾಣುವ ಒಂದು ಫೋಟೋ ತೆಗೆಯಲು ಅವನಿಗೆ ಡಿಸೆಂಬರ್ 22ರ ತನಕ ಬೇಕಾಯಿತು. ಆ ಪುಣ್ಯಾತಗಿತ್ತಿ ಕಾಲು ಗಂಟೆಯಷ್ಟು ಹೊತ್ತು ಕೈ ಅಲುಗಾಡಿಸದೆ ಕೂತಿರಬೇಕಾಯಿತಂತೆ. ಇಷ್ಟಕ್ಕೇ ಅವನಿಗೆ 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಕೊಟ್ಟರು. ನಮ್ಮ ಕಾಕಾ ದೋತರ ಉಟ್ಟವನ ಮೊಣಕಾಲನ್ನು ರಸ್ತೆಯ ಈಚೆಯಿಂದ, ನಡುವೆ ಕಬ್ಬಿನ ಟ್ರ್ಯಾಕ್ಟರ್ ಹಾದುಹೋಗುತ್ತಿರುವಾಗಲೂ ನೋಡಬಲ್ಲರು. ಒಂದು ಮಾತಿನಲ್ಲಿ ಮಾತ್ರ ಇಬ್ಬರೂ ಸಮ. ರಾಂಟ್‌ಜೆನ್ ತನ್ನ ಶೋಧಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಕಾಕಾ ಕೂಡ ಯಾರ ಹತ್ತಿರವೂ ರೊಕ್ಕ ಕೇಳುವುದಿಲ್ಲ.

ಕಾಕಾರ ವಿಧಾನದ ಬುನಾದಿ ಬೆರಳು. ತೆರಬಂಡಿ ಸ್ಪರ್ಧೆ ನೋಡಲು ಹೋಗಿ ಎತ್ತಿನ ಕಾಲಿಗೆ ಸಿಕ್ಕವನಿರಲಿ, ಬೈಕಿನಿಂದ ಬಿದ್ದವನಿರಲಿ, ಪ್ರಶ್ನೆ ಒಂದೇ.

"ಬೆರಳ ಅಳ್ಳಾಡಸು ನೋಡೂಣು. ಅಳ್ಳಾಡ್ತಾವಿಲ್ಲ? ಹಂಗಾರ ಎಲಬ ಮುರದಿಲ್ಲ. ಎಕ್ಸರೇಕ್ಕ ರೊಕ್ಕಾ ಯಾಕ ಸುರೂತಿ?"

ಡಾಕ್ಟರರು ಇದಕ್ಕೆ ತಕರಾರು ತೆಗೆಯುತ್ತಾರೆ. ಬೆರಳನ್ನು ಎಳೆಯುವ ಸ್ನಾಯುಗಳು ಇರುವುದು ಮುಂಗೈಯಲ್ಲಿ, ಅಲ್ಲಿಂದ ಹಗ್ಗದಂಥ ಸ್ನಾಯುರಜ್ಜುಗಳು ಬೆರಳ ತುದಿಗೆ ಹೋಗುತ್ತವೆ, ಆದ್ದರಿಂದ ಮಣಿಕಟ್ಟಿನ ಎಲುಬು ಮುರಿದಿದ್ದರೂ ಬೆರಳು ಅಲ್ಲಾಡುತ್ತದೆ ಎಂಬುದು ಅವರ ವಾದ. ಮಕ್ಕಳ ಎಲುಬು ಹಸಿ ಕಡ್ಡಿಯಂತೆ, ಒಂದು ಮಗ್ಗುಲು ಸೀಳಿ ಇನ್ನೊಂದು ಮಗ್ಗುಲು ಬಾಗಿ ಉಳಿಯುತ್ತದೆ, ಹುಡುಗ ಅದೇ ಕೈಯಲ್ಲಿ ಚುರುಮುರಿ ತಿನ್ನುತ್ತಿರುತ್ತಾನೆ ಎಂದೂ ಹೇಳುತ್ತಾರೆ. ಇರಬಹುದು. ಆದರೆ ಇಷ್ಟೆಲ್ಲ ತಿಳಿಯಲು ಅವರಿಗೆ ಐದಾರು ವರ್ಷ ಓದಬೇಕಾಯಿತು ಎಂಬುದನ್ನು ಮರೆಯಬಾರದು.

ಕಾಲಿನ ಹರಡು ಉಳುಕಿದಾಗ ಏನು ಮಾಡಬೇಕೆಂದು ಕೆನಡಾದ ಒಟ್ಟಾವಾದಲ್ಲಿ ಡಾಕ್ಟರರು ನೂರಾರು ರೋಗಿಗಳನ್ನು ಪರೀಕ್ಷಿಸಿ 1992ರಲ್ಲಿ ಒಂದು ನಿಯಮ ಬರೆದರು. ಹರಡಿನ ಎರಡೂ ಬದಿಯ ಗಂಟೆಲುಬಿನ ಹಿಂಭಾಗವನ್ನು ತುದಿಯಿಂದ ಮೇಲಕ್ಕೆ 6 ಸೆಂಟಿಮೀಟರ್ ತನಕ ಒತ್ತಿ ನೋಡಬೇಕು. ಪಾದದ ಹೊರ ಅಂಚಿನ ನಡುವೆ ಉಬ್ಬಿದ ಎಲುಬನ್ನೂ ಒಳಮಗ್ಗುಲಿನ ಕಮಾನಿನ ಮೇಲಿನ ಎಲುಬನ್ನೂ ಒತ್ತಬೇಕು. ಅಲ್ಲಿ ಒತ್ತಿದಾಗ ನೊಂದರೆ, ಅಥವಾ ಬಿದ್ದ ಕೂಡಲೇ ಆಗಲಿ ದವಾಖಾನೆಯಲ್ಲಾಗಲಿ ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಹಾಕಲು ಬಾರದಿದ್ದರೆ ಎಕ್ಸರೇ. ಇಲ್ಲವಾದರೆ ಬೇಡ, ಬರ್ಫ ಇಟ್ಟು ಕಾಲು ಎತ್ತರಕ್ಕೆ ಇಟ್ಟುಕೊಂಡರೆ ಸಾಕು. ಇದರಿಂದ ಬೇಡದ ಎಕ್ಸರೇ ಬಹಳ ಉಳಿಯಿತೆಂದು ಆ ಕಡೆ ಸಂಭ್ರಮ. ನಾಲ್ಕು ಹೆಜ್ಜೆಯ ಈ ಪರೀಕ್ಷೆ ನಮ್ಮ ಕಾಕಾರಿಗೂ ಗೊತ್ತು. ಆದರೆ ಅವರಲ್ಲಿ ಕರುಣೆ ಹೆಚ್ಚು. ಇಬ್ಬರು ಗಟ್ಟಿಮುಟ್ಟಾದ ಹುಡುಗರನ್ನು ಎಡಬಲಕ್ಕೆ ಹೆಗಲು ಕೊಡಲು ನಿಲ್ಲಿಸಿ ಆಮೇಲೆ ನಡೆಸುತ್ತಾರೆ. ಈ ಪರೀಕ್ಷೆಯಲ್ಲಿ ಈವರೆಗೆ ಒಬ್ಬನೂ ನಾಪಾಸಾಗಿಲ್ಲ.

ಹಾಗೆಂದು ಕಾಕಾ ಯಂತ್ರದ ವಿರೋಧಿಗಳೇನಲ್ಲ. ನಡ ಹಿಡಿದುಕೊಂಡಿತೆಂದು ಬಂದವನನ್ನು ಅವರು ಒಂದು ಗಳಿಗೆಯೂ ಕಾಯಿಸುವುದಿಲ್ಲ. "ಇವತ್ತ ಜಮಖಂಡಿಗಿ ಹೋಗು, ಫೋಟೋ ತಗಸು" ಎಂದು ಬಸ್ ಹತ್ತಿಸುತ್ತಾರೆ. ಸಂಜೆ ಕೃಷ್ಣೆ ದಾಟಿ ಬಂದವನು ದೊಡ್ಡ ಚೀಲದಿಂದ ಫಿಲ್ಮು ತೆಗೆದರೆ ಕಾಕಾ ಅದನ್ನು ಸೂರ್ಯನಿಗೆ ಹಿಡಿದು, ಒಮ್ಮೊಮ್ಮೆ ತಲೆಕೆಳಗೂ ಹಿಡಿದು, ತೀರ್ಪು ಕೊಡುತ್ತಾರೆ. "ಗ್ಯಾಪ್ ಬಂದೈತಿ."

ಈ ಗ್ಯಾಪಿನ ಮಹಿಮೆ ಬೇರೆಯೇ. ನಲವತ್ತು ದಾಟಿದ ಮೇಲೆ ಬೆನ್ನಿನ ಮಣಿಗಳು ಸವೆದು ಅಂಚು ಮೂಡುವುದು ಕೂದಲು ನರೆತಷ್ಟೇ ಸಹಜವಂತೆ. ನೋವಿದ್ದವರ ಫಿಲ್ಮಿನಲ್ಲೂ ಇರುತ್ತದೆ, ಇಲ್ಲದವರದರಲ್ಲೂ ಇರುತ್ತದೆ. ಮಣಿಗಳ ನಡುವಿನ ಮೆತ್ತೆಯಾಗಲಿ, ಕಾಲಿಗೆ ಇಳಿಯುವ ನರವಾಗಲಿ ಎಕ್ಸರೇಯಲ್ಲಿ ಕಾಣುವುದೇ ಇಲ್ಲ. ಅದಕ್ಕೇ ಬರೀ ನಡನೋವಿಗೆ ಆರು ವಾರ ಫೋಟೋ ಬೇಡ, ಓಡಾಡಿಕೊಂಡಿರಿ, ಬಹಳ ಮಂದಿಗೆ ತಾನೇ ಇಳಿಯುತ್ತದೆ ಎನ್ನುತ್ತಾರೆ ಡಾಕ್ಟರರು. ಎತ್ತರದಿಂದ ಬಿದ್ದಿದ್ದರೆ, ಜ್ವರವಿದ್ದರೆ, ತೂಕ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ಆ ಮಾತು ಬೇರೆ. ಕಾಲಿನ ಶಕ್ತಿ ಹೋದರೆ, ಮೂತ್ರದ ಹಿಡಿತ ತಪ್ಪಿದರೆ ಅಂದೇ ಹೊರಡಬೇಕು. ನಡದ ಒಂದು ಫಿಲ್ಮಿಗೆ ಎದೆಯ ಫಿಲ್ಮಿಗಿಂತ ಹತ್ತಾರು ಪಟ್ಟು ಹೆಚ್ಚು ವಿಕಿರಣ ತಗಲುತ್ತದೆ ಎಂಬ ಲೆಕ್ಕವೂ ಅವರಲ್ಲಿದೆ. ಆದರೆ ಆರು ವಾರ ಫೋಟೋ ಇಲ್ಲದೆ ಓಡಾಡಿದವನಿಗೆ ಕಟ್ಟೆಯ ಮೇಲೆ ಯಾವ ಬೆಲೆ? ಫಿಲ್ಮಿನ ಚೀಲ ಮನೆಯ ಗೂಟಕ್ಕೆ ತೂಗಿದ ಮೇಲೆ ಅವನ ನೋವಿಗೆ ಉತಾರ ಸಿಕ್ಕ ಹೊಲದ ಹಾಗೆ ಒಂದು ದಾಖಲೆ. ಗ್ರಹಣದ ದಿನ ಅದೇ ಫಿಲ್ಮನ್ನು ಕಣ್ಣಿಗೆ ಹಿಡಿದು ಮಕ್ಕಳು ಸೂರ್ಯನನ್ನೂ ನೋಡುತ್ತಾರೆ. ಅದರಿಂದ ಕಣ್ಣು ಸುಡುತ್ತದೆ ಎನ್ನುವವರು ಗ್ರಹಣ ನೋಡದೆ ಮನೆಯಲ್ಲಿರಲಿ.

ಕೆಮ್ಮಿನ ವಿಷಯಕ್ಕೆ ಕಾಕಾ ಹೆಚ್ಚು ಹೊತ್ತು ಕೊಡುವುದಿಲ್ಲ. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ಸಡಿಲಾಗುತ್ತಿರುವ ಅಂಗಿ ಇದ್ದರೆ ಕಫ ಪರೀಕ್ಷಿಸಿ, ಎದೆಯ ಫೋಟೋ ತೆಗೆಸಿ, ಕ್ಷಯವಾದರೆ ಔಷಧ ಪುಕ್ಕಟೆ ಎಂದು ಸರ್ಕಾರ ಗೋಡೆಗೋಡೆಗೆ ಬರೆಸಿದೆ. ಕಾಕಾ ಸಾವಳಗಿಯವನಿಗೆ "ಕಬ್ಬಿನ ರವದಿ ಸುಟ್ಟ ಹೊಗಿ" ಎನ್ನುತ್ತಾರೆ, ಬನಹಟ್ಟಿಯವನಿಗೆ "ಮಗ್ಗದ ಧೂಳ" ಎನ್ನುತ್ತಾರೆ. ಊರಿಗೆ ತಕ್ಕಂತೆ ರೋಗ ಹೇಳುವ ಈ ಜಾಣ್ಮೆ ಯಾವ ಯಂತ್ರಕ್ಕಿದೆ?

ನನ್ನ ಆಯಿಯ ಮಾತು ಹೇಳದಿದ್ದರೆ ಕೃತಘ್ನನಾದೇನು. ಎಪ್ಪತ್ತು ದಾಟಿದ ಆಯಿ ಬಚ್ಚಲಲ್ಲಿ ಜಾರಿದಳು. ಮಲಗಿಸಿದಾಗ ಬಲಗಾಲು ಎಡಗಾಲಿಗಿಂತ ಗಿಡ್ಡಾಗಿ, ಪಾದ ಹೊರಕ್ಕೆ ಹೊರಳಿ ಬಿದ್ದಿತ್ತು. ಹಿಮ್ಮಡಿ ಎತ್ತಲು ಆಗುತ್ತಿರಲಿಲ್ಲ. ಹೀಗೆ ಕಂಡರೆ ತೊಡೆಯೆಲುಬಿನ ಕುತ್ತಿಗೆ ಮುರಿದಿದೆ ಎಂದೇ ತಿಳಿದು ಅವತ್ತೇ ಒಯ್ಯಬೇಕು ಎಂಬುದನ್ನು ನಾನು ಆಮೇಲೆ ಓದಿದೆ. ಕಾಕಾ ಅಂದು ಕಟ್ಟೆ ಬಿಟ್ಟು ಮನೆಗೇ ಬಂದಿದ್ದರು.

"ಬೆರಳ ಅಳ್ಳಾಡಸ ಯವ್ವಾ."

ಆಯಿ ಅಲ್ಲಾಡಿಸಿದಳು.

"ನರ ಹಿಡಕೊಂಡೈತಿ ಅಷ್ಟ."

ಹನ್ನೊಂದು ದಿನ ಬಿಸಿ ಎಣ್ಣೆ ತಿಕ್ಕಿದೆವು. ಹನ್ನೆರಡನೆಯ ದಿನ ಬೆನ್ನಲ್ಲಿ ಹುಣ್ಣಾಗಿ, ಎದೆಯಲ್ಲಿ ಕಫ ಕಟ್ಟಿ ಗೊರಗೊರ ಅನ್ನತೊಡಗಿದಾಗ, "ಮಿರಜಕ್ಕ ಒಯ್ಯಿರಿ" ಎಂದು ಮೊದಲು ಹೇಳಿದವರೂ ಕಾಕಾರೇ. ಆಯಿ ಬದುಕಿ ಬಂದಳು, ಆದರೆ ಮತ್ತೆ ಹೊಸ್ತಿಲು ದಾಟಲಿಲ್ಲ. ಹಿರಿಯರು ಒಳಗೆ ಕೂತಿದ್ದರೆ ಮನೆಗೆ ಕಳೆ ಎಂದು ಕಾಕಾ ನಮಗೆಲ್ಲ ಸಮಾಧಾನ ಹೇಳಿದರು.

ಹೋದ ಸುಗ್ಗಿಯಲ್ಲಿ ಕಾಕಾರೇ ಜಾರಿದರು. ಹಸಿ ರವದಿಯ ಮೇಲೆ ಕಾಲಿಟ್ಟು, ಅಂಗೈ ಊರಿ ಬಿದ್ದರು. ಹೆಬ್ಬೆರಳಿನ ಬುಡದ ಗುಳಿಯಲ್ಲಿ ನೋವು. ಬೆರಳು ಅಲ್ಲಾಡುತ್ತಿದ್ದವು, ಆದರೂ ಮಗನ ಒತ್ತಾಯಕ್ಕೆ ಫೋಟೋ ತೆಗೆಸಿದರು. ಫಿಲ್ಮಿನಲ್ಲಿ ಏನೂ ಕಾಣಲಿಲ್ಲ. ಆ ಜಾಗದ ಸಣ್ಣ ಎಲುಬು ಮುರಿದರೆ ಮೊದಲ ದಿನ ಎಷ್ಟೋ ಸಲ ಕಾಣುವುದಿಲ್ಲ, ಪಟ್ಟಿ ಬಿಚ್ಚಬೇಡಿ, ಹತ್ತು ಹದಿನಾಲ್ಕು ದಿನ ಬಿಟ್ಟು ಇನ್ನೊಂದು ಫೋಟೋ ತೆಗೆಯೋಣ ಎಂದರು ಡಾಕ್ಟರ್. ಕಾಕಾ ಮೂರನೆಯ ದಿನವೇ ಪಟ್ಟಿ ಬಿಚ್ಚಿ ಕಟ್ಟೆಗೆ ಬಂದರು. "ನಾ ಏನ್ ಹೇಳಿದ್ನಿ, ಮಷೀನೂ ಅದನ್ನ ಹೇಳೈತಿ" ಎಂದು ಫಿಲ್ಮನ್ನು ಎಲ್ಲರಿಗೂ ತೋರಿಸಿದರು.

ಈಗ ಅವರು ಚಹಾದ ಗ್ಲಾಸು ಎಡಗೈಯಲ್ಲಿ ಹಿಡಿಯುತ್ತಾರೆ. ಬಲಗೈಗೆ ಹಿಡಿತವಿಲ್ಲ, ಆದರೆ ತೋರುಬೆರಳು ಚೆನ್ನಾಗಿಯೇ ಅಲ್ಲಾಡುತ್ತದೆ. ನಿನ್ನೆ ಮುಂಜಾನೆ ಕುಂಟುತ್ತ ಬಸ್ಸಿನಿಂದ ಇಳಿದ ಹುಡುಗನೊಬ್ಬನನ್ನು ಅವರು ಅದೇ ಬೆರಳಿನಿಂದ ಕಟ್ಟೆಯ ಕಡೆಗೆ ಕರೆದರು.