ಆಲ್ಕೋ ಮುಂದೆ ಬೇಯದ ಬೇಳೆ

ಮೊನ್ನೆ ಶನಿವಾರ ಮೊಂಟಾನಾದ ಬೆಟ್ಟದಲ್ಲಿ ಒಂದು ರೈಲು ಬ್ರೇಕ್ ಹಿಡಿಯದೆ ಜಾರಿತು. ಆದ್ದರಿಂದ ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ತೊಗರಿಬೇಳೆ ಬೇಯಲಿಲ್ಲ. ಊಟಕ್ಕೆ ಬಂದಿದ್ದ ಕನ್ನಡ ಕೂಟದ ದಂಪತಿ ಸಾರಿನ ಬೇಳೆಯನ್ನು ಕಟಕಟ ಅಗಿಯುತ್ತಾ, "ತುಂಬಾ ಚೆನ್ನಾಗಿದೆ, ಹುಬ್ಬಳ್ಳಿ ಕಡೆ ಹೀಗೇ ಮಾಡ್ತಾರಾ?" ಎಂದು ಕೇಳಿದರು. ಅತ್ತೆ ತಟ್ಟೆಯಿಂದ ಮುಖ ಎತ್ತದೆ, "ಹುಬ್ಬಳ್ಳಿ ಕಡೆ ಅಲ್ರಿ, ರೈಲ್ವೆ ಕಡೆ" ಎಂದರು. ಆಗ ಹೊತ್ತಿಕೊಂಡದ್ದು ಇನ್ನೂ ಆರಿಲ್ಲ.

ನಮ್ಮ ಮಾವ ನಿವೃತ್ತ ಡ್ರೈವರ್. ಲೋಕೋ ಪೈಲಟ್ ಅಂದರೆ ಸಿಟ್ಟು ಬರುತ್ತದೆ. ಪೈಲಟ್ ಅಂದರೆ ಮೇಲೆ ಹಾರುವವನಂತೆ, ಇವರು ನೆಲ ಬಿಟ್ಟವರಲ್ಲವಂತೆ. ಮೀಟರ್‌ಗೇಜಿನ ವೈಡಿಎಂ-4 ಎಂಜಿನ್ನಿನಲ್ಲಿ ಕಣ್ಣು ಬಿಟ್ಟು, ಗೇಜು ಬದಲಾದ ಮೇಲೆ ಡಬ್ಲ್ಯುಡಿಎಂ-2ರಲ್ಲಿ ಕೂತು, ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಘಾಟಿನಲ್ಲಿ ತಲೆ ನರೆಸಿಕೊಂಡವರು. 37 ಅಡಿ ಹೋದರೆ 1 ಅಡಿ ಇಳಿಯುವ ಆ ದಾರಿಯ ಕಥೆಯನ್ನು ನನ್ನ ಮದುವೆಯ ನಿಶ್ಚಿತಾರ್ಥದಲ್ಲೇ ಹೇಳಿ ಮುಗಿಸಿದ್ದರು. ಮುಗಿಸಿದ್ದರು ಅಂದುಕೊಂಡದ್ದು ನಾನು.

ಇಲ್ಲಿಗೆ ಬಂದ ಹೊಸದರಲ್ಲಿ ನಮ್ಮ ಮನೆಯವರು ಅವರನ್ನು ಮೆಟ್ರೋಪಾರ್ಕ್ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಏಸೆಲಾ ತೋರಿಸಿದರು. ಅಮೇರಿಕಾದಲ್ಲೇ ಅತಿ ವೇಗದ ಗಾಡಿ, ಅಪ್ಪನ ಕಣ್ಣರಳುತ್ತದೆ ಎಂಬ ಆಸೆ. ಗಾಡಿ ಬಂತು, ಹೋಯಿತು. ಮಾವ ಮಾತ್ರ ಪ್ಲಾಟ್‌ಫಾರ್ಮನ್ನು ಆ ತುದಿಯಿಂದ ಈ ತುದಿಗೆ ಅಳೆಯುವವರಂತೆ ನೋಡಿ, "ಇಷ್ಟ ಏನು? ನಮ್ಮ ಹುಬ್ಬಳ್ಳಿದು 1,507 ಮೀಟರ್" ಎಂದರು. ಏಸೆಲಾ ಬಗ್ಗೆ? "ಕರೆಂಟ್ ಗಾಡಿ. ಸಪ್ಪಳ ಇಲ್ಲ, ಹೊಗಿ ಇಲ್ಲ. ಆಸ್ಪತ್ರಿ ಲಿಫ್ಟಿಗೆ ಬೇಕಾದ್ರ ಹಾಕ್ರಿ."

ಅವರ ಲೋಕದಲ್ಲಿ ಎಂಜಿನ್ ಎಂದರೆ ಆಲ್ಕೋ ಒಂದೇ, ಅಂದರೆ ಅದೇ ಡಬ್ಲ್ಯುಡಿಎಂ-2. 16 ಸಿಲಿಂಡರ್, 2,600 ಅಶ್ವಶಕ್ತಿ, ಶಕ್ತಿ ಏರಿಸಲು 8 ನಾಚ್. ಈ ಆಲ್ಕೋ ಮೂಲದಲ್ಲಿ ಅಮೇರಿಕಾದ್ದೇ, ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಊರಿನದ್ದು. 1962ರಲ್ಲಿ ಅಲ್ಲಿಂದ ಭಾರತಕ್ಕೆ ಬಂದು, 1964ರಿಂದ ವಾರಾಣಸಿಯಲ್ಲಿ ತಯಾರಾಗತೊಡಗಿತು. ಸ್ಕೆನೆಕ್ಟಡಿಯ ಕಂಪನಿ 1969ರಲ್ಲೇ ಎಂಜಿನ್ ಮಾಡುವುದನ್ನು ನಿಲ್ಲಿಸಿದರೂ ವಾರಾಣಸಿಯವರು ನಿಲ್ಲಿಸಲಿಲ್ಲ. ಹೀಗಾಗಿ ಮಾವನ ಪ್ರಕಾರ ಅಮೇರಿಕಾದವರು ತಮ್ಮ ಚಿನ್ನದಂಥ ಮಗಳನ್ನು ಮರೆತ ತವರಿನವರು, ಹುಬ್ಬಳ್ಳಿಯವರು ಅವಳನ್ನು ಬಾಳಿಸಿದ ಅತ್ತೆಮನೆಯವರು. ಇದನ್ನು ಅವರು ಎದುರುಮನೆಯ ಅಮೇರಿಕನ್ನನಿಗೆ ಬೇಲಿಯ ಬಳಿ ನಿಂತು ವಿವರಿಸಿದ್ದಾರೆ. ಅವನು ಕ್ಷಮೆ ಕೇಳಿದನಂತೆ.

ಈ ತಹತಹ ನೋಡಲಾರದೆ ನನ್ನ ಮಗ, ಅಂದರೆ ಹದಿಮೂರು ವರ್ಷದ ಮಹಾಶಯ, "ಅಜ್ಜಾ, ನಾನು ನಿಂಗೆ ಆಲ್ಕೋ ತರಿಸಿಕೊಡ್ತೀನಿ" ಎಂದ. ಓಪನ್ ರೈಲ್ಸ್ ಎನ್ನುವ ಉಚಿತ ಸಿಮ್ಯುಲೇಟರ್ ಇದೆ. 2001ರಲ್ಲಿ ಬಂದ ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರಿನ ಹಳೆಯ ದಾರಿಗಳು, ಗಾಡಿಗಳೆಲ್ಲ ಅದರಲ್ಲಿ ಓಡುತ್ತವೆ. ಹವ್ಯಾಸಿಗಳು ಮಾಡಿ ಹಂಚಿದ ಭಾರತದ ಎಂಜಿನ್ನುಗಳನ್ನೂ ಸೇರಿಸಿಕೊಳ್ಳಬಹುದು. ಜಿಪ್ ಫೈಲ್ ಇಳಿಸು, ಬಿಚ್ಚು, ಟ್ರೈನ್‌ಸೆಟ್ ಫೋಲ್ಡರಿನಲ್ಲಿ ಇಡು, ಅಷ್ಟೇ. ಅಷ್ಟಕ್ಕೇ ಒಂದು ವಾರಾಂತ್ಯ ಹೋಯಿತು. ಫೋಲ್ಡರಿನೊಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಕೂತಿದ್ದರಿಂದ ಎಂಜಿನ್ ಪಟ್ಟಿಯಲ್ಲೇ ಕಾಣಲಿಲ್ಲ. ವಾರವೆಲ್ಲ ಕಂಪನಿಯ ಕ್ಲೌಡ್ ಕಾಯುವ ನಮ್ಮ ಮನೆಯವರು ಬಂದು ಗಂಭೀರವಾಗಿ ನೋಡಿ, ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿ ಎದ್ದು ಹೋದರು.

ಕೊನೆಗೆ ಆಲ್ಕೋ ಪರದೆಯ ಮೇಲೆ ಬಂದು ನಿಂತಿತು. ಮಾವ ಕನ್ನಡಕ ಒರೆಸಿಕೊಂಡು ಕೂತರು. ಮೊದಲ ನಾಚ್. ಎರಡನೆಯ ನಾಚ್. ಗಾಡಿ ಹೊರಟಿತು, ಒಂದಿಷ್ಟೂ ಸದ್ದಿಲ್ಲ.

"ಏ ತಮ್ಮಾ, ಇದು ಸತ್ತೈತಿ."

"ಸತ್ತಿಲ್ಲ ಅಜ್ಜಾ, ಸೌಂಡ್ ಫೈಲ್ ಮಿಸ್ಸಿಂಗು."

ಈ ಭಾಗ ನನಗೂ ಈಗ ಬಾಯಿಪಾಠ. ಪ್ರತಿ ಎಂಜಿನ್ನಿಗೂ ತನ್ನದೇ ಸದ್ದಿನ ಕಟ್ಟು ಕೊಟ್ಟರೆ ಕಂಪ್ಯೂಟರ್ ತುಂಬಿಹೋಗುತ್ತದೆ. ಅದಕ್ಕೇ ಕಾಮನ್ ಡಾಟ್ ಎಸ್‌ಎನ್‌ಡಿ ಎಂಬ ಫೋಲ್ಡರ್. ಸದ್ದುಗಳೆಲ್ಲ ಅಲ್ಲಿ ಒಂದೇ ಕಡೆ. ಎಂಜಿನ್ನುಗಳ ಫೈಲಿನಲ್ಲಿ ಬರೀ ವಿಳಾಸ. ಊರ ಕಲ್ಯಾಣ ಮಂಟಪದ ಹಂಡೆಗಳಿದ್ದ ಹಾಗೆ: ಯಾರ ಮನೆ ಮದುವೆಯಾದರೂ ಸಾರು ಕುದಿಯುವುದು ಅದೇ ಹಂಡೆಯಲ್ಲಿ. ನಮ್ಮ ಆಲ್ಕೋ ಮದುವೆಗೆ ಬಂದಿತ್ತು, ಹಂಡೆ ಬಂದಿರಲಿಲ್ಲ.

ಮಗ ತಾತ್ಕಾಲಿಕವಾಗಿ ಅಮೇರಿಕಾದ ಡ್ಯಾಶ್ 9 ಎಂಜಿನ್ನಿನ ಸದ್ದನ್ನು ಆಲ್ಕೋಗೆ ಅಂಟಿಸಿದ. ಮಾವ ಎದ್ದು ಹೊರಗೆ ಹೋದರು. ಊಟಕ್ಕೂ ಬರಲು ತಡಮಾಡಿದರು. ಆಮೇಲೆ ಅವನು ಹುಡುಕಿ ಹುಡುಕಿ ಸರಿಯಾದ ಹಂಚಿಕೆಯ ಕಟ್ಟನ್ನೇ ತಂದು ಹಾಕಿದ ರಾತ್ರಿ, ನಿಂತ ಆಲ್ಕೋದ ಗುಡುಗುಡು ಸದ್ದು ಮೊದಲ ಬಾರಿಗೆ ನಮ್ಮ ಬೇಸ್‌ಮೆಂಟಿನಿಂದ ಮೇಲೆ ಬಂತು. ಮಾವ ಗಾಡಿ ಹೊರಡಿಸಲೇ ಇಲ್ಲ. ಕುರ್ಚಿಯಲ್ಲಿ ಹಾಗೇ ಒರಗಿ ನಿದ್ದೆಹೋದರು. ಇಲ್ಲಿಗೆ ಬಂದ ಮೇಲೆ ಅವರಿಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ನಾವು ಮಾತ್ರೆ, ಬಿಸಿಹಾಲು, ಹೊಸ ದಿಂಬು ಎಲ್ಲ ಮಾಡಿ ಸೋತಿದ್ದೆವು. ಅತ್ತೆ ಮೆಟ್ಟಿಲ ಮೇಲೆ ನಿಂತು ಕೇಳಿದರು. "ಸರ್ವೀಸಿನುದ್ದಕ್ಕೂ ಕ್ವಾರ್ಟರ್ಸಿನ ಬಾಗಲಕ್ಕ ಇದ ಸಪ್ಪಳ. ರಾತ್ರಿ ಡ್ಯೂಟಿಗೆ ಕರಿಯಾಕ ಕಾಲ್‌ಬುಕ್ ತಂದವ ಬಾಗಲಾ ಬಡದ್ರ ನಾ ಏಳಾಕಿ, ಇವರಿಗೆ ಬುತ್ತಿ ಕಟ್ಟಾಕಿ. ಅದನ್ನ ಬಿಟ್ಟು ಏಳು ಸಮುದ್ರ ದಾಟಿ ಬಂದ್ರ, ಮೊಮ್ಮಗ ಇದನ್ನ ಮನಿಗೆ ತಂದಾನ" ಎಂದು ಗೊಣಗಿ, ಒಂದು ಶಾಲು ತಂದು ಹೊದಿಸಿ ಹೋದರು.

ಇಲ್ಲಿಗೆ ನಿಲ್ಲಬೇಕಿತ್ತು. ಆದರೆ ಹಾರ್ನ್ ಉಳಿದಿತ್ತಲ್ಲ.

ಯಾವ ಹಾರ್ನೂ ಮಾವನಿಗೆ ಒಪ್ಪಿಗೆಯಾಗಲಿಲ್ಲ. ಇದು ಲಾರೀದು. ಇದು ಹಡಗಿಂದು. ಇದು ಆಲ್ಕೋದ್ದ, ಆದ್ರ ನಮ್ಮ ಡಿವಿಜನ್‌ದ್ದಲ್ಲ. ಬೇಸತ್ತ ಮಗ ಶುಕ್ರವಾರ ಸಂಜೆ ಅಡುಗೆಮನೆಗೆ ಹೋಗಿ ಒಲೆಯ ಪಕ್ಕ ಫೋನ್ ಹಿಡಿದು ನಿಂತ. ಅತ್ತೆಗೆ ಹಿಗ್ಗೋ ಹಿಗ್ಗು. "ಅಡಗಿ ಕಲೀತೀಯೇನಪಾ ರಾಜಾ" ಎಂದು ಅವನ ಬಾಯಿಗೆ ಬೆಲ್ಲ ಹಾಕಿ, ಆ ಸಂಗತಿಯನ್ನು ಧಾರವಾಡ ಜಿಲ್ಲೆಯ ಸಮಸ್ತ ಬಂಧುಗಳಿಗೆ ವಾಟ್ಸಾಪಿನಲ್ಲಿ ತಿಳಿಸಿದರು. ಅವನು ಕಲಿತದ್ದೇನೂ ಇಲ್ಲ. ಕುಕ್ಕರಿನ ಸೀಟಿಯನ್ನು ರೆಕಾರ್ಡ್ ಮಾಡಿಕೊಂಡು, ಹಾರ್ನ್ ಫೈಲಿನ ಹೆಸರನ್ನೇ ಅದಕ್ಕಿಟ್ಟು, ಹಂಚಿಕೆಯ ಫೋಲ್ಡರಿನಲ್ಲಿ ಕೂರಿಸಿದ. ಕೀಲಿಯನ್ನು ಎಷ್ಟು ಹಗುರವಾಗಿ ಮುಟ್ಟಿದರೂ ಪೂರ್ತಿ ಒಂದು ಸೀಟಿ ಬರುವಂತೆ ಏರ್ಪಾಡನ್ನೂ ಮಾಡಿದ. ಅಲ್ಲಿಗೆ ಆಲ್ಕೋ ಒಂದೇ ಅಲ್ಲ, ಅವನು ಇಳಿಸಿಕೊಂಡಿದ್ದ ಭಾರತದ ಎಂಜಿನ್ನುಗಳಲ್ಲಿ ಆ ಹಂಡೆಗೆ ಸೌಟು ಹಾಕಿದ್ದವೆಲ್ಲ ನಮ್ಮ ಅತ್ತೆಯ ಕುಕ್ಕರಿನ ದನಿಯಲ್ಲಿ ಕೂಗತೊಡಗಿದವು.

ಶನಿವಾರ ಬೆಳಿಗ್ಗೆ. ಅತ್ತೆ ಬೇಳೆ ಇಟ್ಟು ಹಾಲ್‌ನಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಮಗ ಹೆಡ್‌ಫೋನ್ ಕಿತ್ತುಕೊಂಡು ಸಂಗೀತದ ಕ್ಲಾಸಿಗೆ ಹೋಗಿದ್ದ. ಮಾವ ಹಿಂದಿನ ರಾತ್ರಿ ಉಳಿಸಿಟ್ಟಿದ್ದ ಓಟವನ್ನು ಮುಂದುವರಿಸಿದರು. ಗಾಡಿ ಮೊಂಟಾನಾದ ಮರಿಯಾಸ್ ಪಾಸ್ ನೆತ್ತಿಯಲ್ಲಿತ್ತು, ಸುತ್ತ ಹಿಮ. ಐದೂವರೆ ಅಡಿ ಗೇಜಿನ ಎಂಜಿನ್ ಅಮೇರಿಕಾದ ಸಣ್ಣ ಗೇಜಿನ ಹಳಿಯ ಮೇಲೆ ಹೇಗೆ ನಿಲ್ಲುತ್ತದೆ ಎಂಬ ಜಗಳ ಅಜ್ಜ ಮೊಮ್ಮಗನ ನಡುವೆ ಮೊದಲೇ ಆಗಿಹೋಗಿತ್ತು. ಅಲ್ಲಿಂದ ಪಶ್ಚಿಮಕ್ಕೆ ಇಳಿಜಾರು ಶೇಕಡಾ 1.8. "ಕ್ಯಾಸಲ್‌ರಾಕ್ ಮುಂದ ಇದು ಅಂಗಳ" ಎನ್ನುತ್ತಲೇ ಇಳಿಯತೊಡಗಿದರು.

ಅನುಭವಕ್ಕೆ ಕೊರತೆಯಿಲ್ಲ. ಆದರೆ ಆಯುಷ್ಯವೆಲ್ಲ ಹಿಡಿದ ಎ-9 ಬ್ರೇಕ್ ಹ್ಯಾಂಡಲ್ ಈ ಸಿಮ್ಯುಲೇಟರಿನಲ್ಲಿ ಎರಡು ಕೀಲಿಗಳಾಗಿದೆ. ಬ್ರೇಕ್ ಹಾಕಲು ಅಪಾಸ್ಟ್ರಫಿ, ಬಿಡಲು ಅದರ ಪಕ್ಕದ ಸೆಮಿಕೋಲನ್. ಕನ್ನಡಕ ಹಣೆಯ ಮೇಲಿತ್ತು. ವೇಗ ಏರಿದಷ್ಟೂ ಮಾವ ಸೆಮಿಕೋಲನ್ನನ್ನು ಒತ್ತಿದರು. ಒತ್ತಿದಷ್ಟೂ ಗಾಡಿ ಬಂಧಮುಕ್ತವಾಯಿತು. ದಿಗಿಲುಬಿದ್ದ ಆ ಕ್ಷಣದಲ್ಲಿ ಮೈಯೊಳಗಿನ ರೂಲ್‌ಬುಕ್ ಎದ್ದಿತು: ಗಾಡಿ ಕೈಮೀರಿದರೆ ಮೂರು ಗಿಡ್ಡ ಸೀಟಿ. ಅರ್ಥ, ಗಾರ್ಡ್ ತನ್ನ ಕಡೆಯಿಂದ ಬ್ರೇಕ್ ಹಾಕಬೇಕು. ಸ್ಪೇಸ್‌ಬಾರ್ ಮೂರು ಸಲ.

ಹಾಲ್‌ನಲ್ಲಿ ಅತ್ತೆಗೆ ಮೂರು ಸೀಟಿ ಕೇಳಿತು. ಎದ್ದರು, ಹೋದರು, ಗ್ಯಾಸ್ ಆರಿಸಿದರು, ಮರಳಿ ಬಂದು ಸೊಪ್ಪು ಹಿಡಿದರು.

ಕುಕ್ಕರಿನಲ್ಲಿ ನೀರು ಆಗಷ್ಟೇ ಬೆಚ್ಚಗಾಗುತ್ತಿತ್ತು. ಮುಚ್ಚಳ ತೆಗೆದಾಗ ಕಾಳು ಕಾಳಾಗಿ ಕಂಡ ಬೇಳೆಯನ್ನು ಅವರು ನಂಬಲಿಲ್ಲ; ನಂಬಿದ್ದು ಸೀಟಿಯನ್ನು. "ಮೂರು ಆಗ್ಯಾವ. ಬೆಂದಿರ್ಲೇಬೇಕು. ಇಲ್ಲೀ ನೀರ ಹಂಗೈತಿ" ಎಂದು ಒಗ್ಗರಣೆ ಕೊಟ್ಟೇಬಿಟ್ಟರು.

ಅತಿಥಿಗಳು ಹೊರಟದ್ದೇ ತಡ, ಊಟದ ಮೇಜೇ ವಿಚಾರಣಾ ಕೊಠಡಿಯಾಯಿತು. ಮಗ ಸಿಕ್ಕಿಬೀಳಲು ಹೊತ್ತು ಹಿಡಿಯಲಿಲ್ಲ. ನಾನು ಕೇಳುವ ಮೊದಲೇ ನಕ್ಕುಬಿಟ್ಟ. ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಮಾವ ಬಿಡಬೇಕಲ್ಲ. ರೈಲ್ವೆಯಲ್ಲಿ ಅಪಘಾತ ಆದ ಜಾಗದಲ್ಲಿ ಎಲ್ಲ ಇಲಾಖೆಯ ಸೂಪರ್‌ವೈಸರುಗಳು ಕೂಡಿ ಜಾಯಿಂಟ್ ನೋಟ್ ಬರೆಯಬೇಕಂತೆ, ಸಹಿ ಮಾಡಬೇಕಂತೆ. ದಿನಸಿ ಚೀಟಿಯ ಬೆನ್ನಿಗೆ ಬರೆಯತೊಡಗಿದರು. ಆಪರೇಟಿಂಗ್ ಇಲಾಖೆ ಅವರೇ. ಮೆಕ್ಯಾನಿಕಲ್ ಮಗ. ನಮ್ಮ ಮನೆಯವರು ಸಿಗ್ನಲ್ ಮತ್ತು ಟೆಲಿಕಾಂ, ಯಾಕೆಂದರೆ ಇಡೀ ಪ್ರಕರಣದಲ್ಲಿ ಅವರ ಸಂಪರ್ಕವೇ ಇರಲಿಲ್ಲ. ನನಗೆ ಕ್ಯಾಟರಿಂಗ್ ಬಂತು, ಬರೆದುಕೊಳ್ಳಿ. ಅತ್ತೆ ಸಾಕ್ಷಿ.

"ಮೂರು ಸೀಟಿ ಕೇಳಿದ ಮ್ಯಾಲೆ ನೀ ಏನ್ ಮಾಡಿದಿ?"

"ಬಂದ್ ಮಾಡ್ದೆ."

"ಎಷ್ಟೊತ್ತಿಗೆ?"

"ಮೂರನೇದು ಮುಗಿಯೂದರಾಗ ಕೈ ಗ್ಯಾಸಿನ ಮ್ಯಾಲಿತ್ತು. ನಿಮ್ಮ ಗಾರ್ಡ್ ಯಾವತ್ತರ ಇಷ್ಟ ಲಗೂ ಬ್ರೇಕ್ ಹಾಕ್ಯಾನೇನ್ರಿ?"

ಮಾವನ ಪೆನ್ನು ನಿಂತಿತು. ಒಬ್ಬ ಗಾರ್ಡಿನ ನೆನಪು ಹಣೆಯ ಮೇಲೆ ಓಡಾಡಿದ್ದು ಕಂಡಿತು. ಕೊನೆಗೆ, ಯಾರಿಗೂ ಕೇಳದಷ್ಟು ಮೆಲ್ಲಗೆ, "ಇಲ್ಲ" ಎಂದರು. ಆದರೆ ಚೀಟಿಯಲ್ಲಿ ಸ್ಪಷ್ಟವಾಗಿ ಬರೆದರು: ಗಾರ್ಡ್ ಕರ್ತವ್ಯ ನಿರ್ವಹಣೆ ತೃಪ್ತಿಕರ, ಬೇಳೆ ನಷ್ಟ ಒಂದೂವರೆ ಪಾವು, ಕಾರಣ ಕೀಲಿಮಣೆಯ ವಿನ್ಯಾಸ. ಡ್ರೈವರ್ ನಿರ್ದೋಷಿ ಎಂಬ ಸಾಲಿನಡಿ ಅವರ ಸಹಿ ಮಾತ್ರ ಇದೆ. ಉಳಿದವರು ಹಾಕಲಿಲ್ಲ.

ಬಾಯಿ ಮುಚ್ಚಿಕೊಂಡಿರಲಾರದ ನಮ್ಮ ಮನೆಯವರು, "ಅಪ್ಪಾ, ಈಗ ಗಾರ್ಡ್ ಅನ್ನೂ ಹಂಗಿಲ್ಲ. 2022ರಿಂದ ಟ್ರೈನ್ ಮ್ಯಾನೇಜರ್" ಎಂದರು. ಅತ್ತೆಯ ಬೆನ್ನು ನೆಟ್ಟಗಾದದ್ದನ್ನು ನಾನು ಕಣ್ಣಾರೆ ಕಂಡೆ. ಅಂದಿನಿಂದ ಚಹಾ ಕೇಳಿದರೆ, "ಮ್ಯಾನೇಜರ್‌ಗೆ ಅರ್ಜಿ ಕೊಡ್ರಿ" ಎನ್ನುತ್ತಾರೆ. ಸೀಟಿಯೇ ಹೊಡೆಯದ ಇನ್‌ಸ್ಟಂಟ್ ಪಾಟ್ ನನ್ನ ಕಪಾಟಿನಲ್ಲಿದೆ, ಅದನ್ನು ಬಳಸಿದರೆ ಪೀಡೆಯೇ ಇಲ್ಲ ಎಂದು ಹೇಳಿ ನೋಡಿದೆ. "ಒದರದ ಕುಕ್ಕರ್ ಯಾವ ಸೀಮಿ ಕುಕ್ಕರವಾ" ಎಂದವರು ಅತ್ತೆಯಲ್ಲ, ಮಾವ.

ಹಾರ್ನ್ ಫೈಲನ್ನು ತೆಗೆಸಿದೆ. ಆದರೆ ಅಷ್ಟರಲ್ಲಿ ಮಗ ಇಡೀ ಕಟ್ಟನ್ನು ಹುಬ್ಬಳ್ಳಿಯಲ್ಲಿರುವ ನನ್ನ ನಾದಿನಿಯ ಮಗನಿಗೆ ಕಳಿಸಿಬಿಟ್ಟಿದ್ದ. ನಿನ್ನೆ ರಾತ್ರಿ ನಾವು ಮಲಗುವ ಹೊತ್ತಿಗೆ ನಾದಿನಿಯ ಫೋನು. ಅಲ್ಲಿ ಬೆಳಗಿನ ಅಡುಗೆಯ ಹೊತ್ತು. "ವೈನಿ, ನಿಮ್ಮ ಮಗ ಏನ್ ಕಳಸ್ಯಾನ್ರಿ? ಒಂದ ಸವನ ಸೀಟಿ. ಇವನ ರೈಲಂತ ನಾ ಕುಂತ್ಯಾಕಿ ಏಳಲೇ ಇಲ್ಲ. ನೋಡಿದ್ರ ಖರೇನ ಕುಕ್ಕರ್! ಅನ್ನ ತಳಾ ಹತ್ತಿ ಕರ್ರಗಾಗೇತಿ, ಮನಿಯೆಲ್ಲಾ ಹೊಗಿ!"

ನಾನು ಸಮಾಧಾನ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಾವ ಫೋನ್ ಕಸಿದುಕೊಂಡರು.

"ಅನ್ನ ಇರ್ಲಿ ಬಿಡವಾ. ಹುಡುಗ ಯಾವ ಎಂಜಿನ್ ಹಾಕಿದ್ದ, ಅದನ್ನ ಹೇಳು."