ಬಳ್ಳಿ ನಮ್ಮದು, ಹೂವು ಪಕ್ಕದ ಮನೆಯವರದು

ಹೂಬಳ್ಳಿ ನೆಡುವವರಲ್ಲಿ ಲೆಕ್ಕಾಚಾರ ಬಲ್ಲವರು ಯಾರೂ ಇಲ್ಲವೆಂದು ನನ್ನ ಗುಮಾನಿ. ಇದ್ದಿದ್ದರೆ ಇಷ್ಟು ಹೊತ್ತಿಗೆ ಅವರಿಗೆ ಹೊಳೆಯಬೇಕಿತ್ತು, ಬಳ್ಳಿ ಹುಡುಕಿಕೊಂಡು ಹೋಗುವುದು ಬಿಸಿಲನ್ನು, ನಿಮ್ಮ ಮನೆಯ ಗೇಟನ್ನಲ್ಲ ಅಂತ. ಗುಂಡಿ ತೋಡಿದವರು ನೀವು, ಕೆಮ್ಮಣ್ಣು ತರಿಸಿದವರು ನೀವು, ಕಂಬ ನಿಲ್ಲಿಸಿ ತಂತಿ ಎಳೆಸಿದವರು ನೀವು, ನೀರಿನ ಬಿಲ್ಲು ಕಟ್ಟುವವರೂ ನೀವೇ. ಹೂವು ಮಾತ್ರ ಪಕ್ಕದ ಮನೆಯ ತಾರಸಿಯ ಮೇಲೆ! ಅವರು ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಕೆಳಗೆ ನಿಂತು, "ನಿಮ್ಮ ಬಳ್ಳಿ ಈ ಸಲ ಭಾರೀ ಚೆನ್ನಾಗಿ ಬಿಟ್ಟಿದೆ ಕಣ್ರೀ" ಅಂತ ಹೊಗಳುತ್ತಾರೆ. ನಿಮ್ಮ ಪಾಲಿಗೆ ಬುಡದ ಬೋಳು ಕಾಂಡ, ಅದರ ಮೇಲೆ ಸಾಲುಗಟ್ಟಿದ ಇರುವೆ. ಎರಡು ದಿನ ಬಿಟ್ಟು ಅವರೇ ಬಂದು, ಒಣಗಿದ ಹೂವೆಲ್ಲ ನಮ್ಮ ನೀರಿನ ಟ್ಯಾಂಕಿಗೆ ಬೀಳುತ್ತಿದೆ, ಸ್ವಲ್ಪ ನೋಡಿ ಎಂದು ದೂರನ್ನೂ ಕೊಡುತ್ತಾರೆ.

ಈ ವಿಷಯದಲ್ಲಿ ರಂಗೂನ್ ಬಳ್ಳಿಯಷ್ಟು ನಿರ್ದಾಕ್ಷಿಣ್ಯದ್ದು ಇನ್ನೊಂದಿಲ್ಲ. ಮೊದಲ ವರ್ಷ ಅಂಗಳದ ಮೂಲೆಯಲ್ಲಿ ಪೊದೆಯ ವೇಷ ಹಾಕಿಕೊಂಡು ಸುಮ್ಮನೆ ಕೂತಿರುತ್ತದೆ. ಆಮೇಲೆ ಮೊದಲ ಮಹಡಿ, ಎರಡನೇ ಮಹಡಿ, ಕರೆಂಟು ತಂತಿ. ಎಲೆ ಉದುರಿದ ಮೇಲೂ ಅದರ ತೊಟ್ಟಿನ ಬುಡ ಗಟ್ಟಿಯಾಗಿ ಮುಳ್ಳಿನಂತೆ ಉಳಿದು ಸಿಕ್ಕಿದ್ದಕ್ಕೆಲ್ಲ ಕೊಕ್ಕೆ ಹಾಕುತ್ತದೆ. ಎಳೆದು ಇಳಿಸುತ್ತೇನೆಂದು ಹೊರಟವರು ಕೈ ಗೀರಿಸಿಕೊಂಡು ವಾಪಸ್ಸು ಬರುತ್ತಾರೆ. ಆದರೂ ಅದನ್ನು ಕ್ಷಮಿಸಬಹುದು, ಸಂಜೆಗಾಗಿ. ಹೂ ಅರಳುವುದು ಕತ್ತಲಾಗುವ ಹೊತ್ತಿಗೆ, ಬೆಳ್ಳಗೆ, ಘಮಘಮ ಅನ್ನುತ್ತ. ಮರುದಿನ ಗುಲಾಬಿ ಬಣ್ಣ, ಆಮೇಲೆ ಕೆಂಪು. ಬಿಳಿ ಮತ್ತು ಪರಿಮಳ ರಾತ್ರಿ ಬರುವ ಉದ್ದ ಮೂತಿಯ ಪತಂಗಗಳಿಗೆ; ಕೆಂಪು ಹಗಲಿನ ಜೇನು, ಚಿಟ್ಟೆ, ಸೂರಕ್ಕಿಗಳಿಗೆ. ಎರಡು ಪಾಳಿಯ ಗಿರಾಕಿಗಳಿಗೆ ಒಂದೇ ಗೊಂಚಲು. ಇದನ್ನು ತಿಳಿಯದ ನೆಂಟರು ಕೆಳಗೆ ನಿಂತು, "ಮೂರು ಬಣ್ಣದ್ದು ಕಸಿ ಮಾಡಿಸಿದ್ದೀರಾ? ಎಷ್ಟಾಯ್ತು?" ಅಂತ ಕೇಳಿದರೆ ಮನೆ ಯಜಮಾನರು ಇಲ್ಲ ಅನ್ನುವುದಿಲ್ಲ. ಸುಮ್ಮನೆ ನಗುತ್ತಾರೆ.

ಇನ್ನು ನಮ್ಮ ಕಾಗದದ ಹೂವು, ಅಂದರೆ ಬೋಗನ್‌ವಿಲ್ಲ. ಲಾಲ್‌ಬಾಗಿನ ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ವಾಪಸ್ಸು ಬರುವಾಗ ಒಂದು ಕೈಯಲ್ಲಿ ಮೆಣಸಿನಕಾಯಿ ಬಜ್ಜಿ, ಇನ್ನೊಂದು ಕೈಯಲ್ಲಿ ಎಲೆಯೇ ಕಾಣದಷ್ಟು ಹೂ ಹೊತ್ತ ಬೋಗನ್‌ವಿಲ್ಲದ ಕುಂಡ. ಆಟೋದಲ್ಲಿ ಅದಕ್ಕೂ ಒಂದು ಸೀಟು. ವಾರದೊಳಗೆ ಬಣ್ಣವೆಲ್ಲ ನೆಲದ ಮೇಲೆ. "ಮೋಸ ಮಾಡಿಬಿಟ್ಟ" ಅಂತ ಮಾರಿದವನಿಗೆ ಶಾಪ. ಅವನ ತಪ್ಪೇನೂ ಇರಲಿಕ್ಕಿಲ್ಲ. ದಿನವಿಡೀ ಬಿಸಿಲುಂಡ ಗಿಡವನ್ನು ತಂದು ಬಾಲ್ಕನಿಯ ನೆರಳಿಗೆ ಕೂರಿಸಿದರೆ ಅದು ಮುನಿಸಿಕೊಳ್ಳದೆ ಇನ್ನೇನು ಮಾಡೀತು? ಅದಕ್ಕೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಗಾಜಿನ ಆಚೆಯಿಂದ ಸೋಸಿ ಬಂದದ್ದು ನಡೆಯುವುದಿಲ್ಲ.

ನಿಜವಾದ ಹಿಂಸೆ ಶುರುವಾಗುವುದು ಆಮೇಲೆ, ಉಪಚಾರದ ಹೆಸರಿನಲ್ಲಿ. ಬೆಳಿಗ್ಗೆ ಅಕ್ಕಿ ತೊಳೆದ ನೀರು, ಮಧ್ಯಾಹ್ನ ಕಾಫಿ ಚರಟ, ಸಂಜೆ ಹುಳಿ ಮಜ್ಜಿಗೆ. ಮೊಬೈಲಿನಲ್ಲಿ ಯಾರೋ ಹೇಳಿದರು ಅಂತ ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಅದರ ಮೇಲೆ ಮೊಟ್ಟೆ ಚಿಪ್ಪಿನ ಪುಡಿ. ಕಡಲೆಕಾಯಿ ಹಿಂಡಿ ಇದ್ದೇ ಇದೆ. ಮನೆಅಳಿಯನಿಗೆ ನಡೆಸಿದ ಹಾಗೆ ನಡೆಸಿದ ಮೇಲೆ ಗಿಡವೂ ಮನೆಅಳಿಯನಂತೆಯೇ ಮೈ ಬೆಳೆಸುತ್ತದೆ, ಕೆಲಸ ಮಾಡುವುದಿಲ್ಲ. ಮಾರುದ್ದದ ಕೊಂಬೆ, ಅಂಗೈಯಗಲದ ಎಲೆ, ಹೂವಿನ ಸುಳಿವಿಲ್ಲ. ಅತ್ತ ಹೆದ್ದಾರಿಯ ಡಿವೈಡರಿನಲ್ಲಿ ಅದರ ಅಣ್ಣತಮ್ಮಂದಿರು ಲಾರಿ ಹೊಗೆ ಕುಡಿಯುತ್ತ, ಟ್ಯಾಂಕರು ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಅನ್ನುವ ಸ್ಥಿತಿಯಲ್ಲಿ, ಏಪ್ರಿಲ್ಲಿನ ಉರಿಯಲ್ಲಿ ಬೆಂಕಿ ಹೊತ್ತಿಕೊಂಡ ಹಾಗೆ ಹೂಬಿಟ್ಟಿರುತ್ತಾರೆ. ಕಾರಣದಲ್ಲಿ ಗುಟ್ಟೇನಿಲ್ಲ. ನೀರೂ ಸಾರಜನಕವೂ ಧಾರಾಳವಾಗಿದ್ದರೆ ಈ ಬಳ್ಳಿಗೆ ಎಲೆ ಬೆಳೆಸುವುದೇ ಲಾಭ. ಬೇರಿಗೆ ಜಾಗ ಇಕ್ಕಟ್ಟಾಗಿ, ಮಣ್ಣು ಒಣಗಿ, ಬಿಸಿಲು ಸುಟ್ಟಾಗ ಅದು ಹೂವಿಗೆ ಮನಸ್ಸು ಮಾಡುತ್ತದೆ. ಅದಕ್ಕೇ ನಮ್ಮಲ್ಲಿ ಮಳೆಗಾಲದಲ್ಲಿ ಸಪ್ಪೆ, ಚಳಿ ಕಳೆದು ಬೇಸಗೆ ಬಂದರೆ ಜೋರು. ಮಣ್ಣಿಗೆ ಬೆರಳಿಟ್ಟು ನೋಡಿ, ಒಂದು ಗೆಣ್ಣಿನಷ್ಟು ಆಳಕ್ಕೆ ಒಣಗಿದ್ದರೆ ಮಾತ್ರ ನೀರು. ಇದನ್ನು ಹೇಳಿದರೆ ನಮ್ಮ ಬೀದಿಯ ಕೊನೇ ಮನೆಯ ಅಜ್ಜಿ ನನ್ನನ್ನು ಕಟುಕನೆಂಬಂತೆ ನೋಡಿ, "ಬಾಯಿಲ್ಲದ ಜೀವ ಕಣಪ್ಪಾ" ಅಂದರು. ಬಾಯಿಲ್ಲದ್ದೇ ಕಷ್ಟ. ಇದ್ದಿದ್ದರೆ 'ಮಜ್ಜಿಗೆ ಸಾಕು' ಅಂತ ಅದೇ ಹೇಳುತ್ತಿತ್ತು.

ಅಂದಹಾಗೆ ಇಷ್ಟೆಲ್ಲ ಮಾಡಿ ನಾವು ಕಾಯುವುದು ಹೂವಿಗೂ ಅಲ್ಲ. ಆ ಬಣ್ಣದ ಮೂರು ದಳ ದಳಗಳೇ ಅಲ್ಲ, ಬಣ್ಣ ಬಂದ ಎಲೆಗಳು. ನಿಜವಾದ ಹೂವು ಅವುಗಳ ನಡುವೆ ಕಡ್ಡಿಯ ಹಾಗೆ ನಿಂತಿರುವ ಸಣ್ಣ ಬಿಳಿ ಕೊಳವೆ. ಈ ಗಿಡದ ಜಾತಕದಲ್ಲೇ ವೇಷವಿದೆ ಅನ್ನಿ. 1767ರಲ್ಲಿ ಬ್ರೆಜಿಲ್ಲಿನ ರಿಯೋದಲ್ಲಿ ಅದನ್ನು ಸಂಗ್ರಹಿಸಿದ್ದು ಫ್ರೆಂಚ್ ನಾವಿಕ ಬೂಗನ್‌ವಿಲ್‌ನ ನೌಕಾಯಾನದಲ್ಲಿ ಲೋಕ ಸುತ್ತಲು ಹೊರಟಿದ್ದ ಸಸ್ಯವಿಜ್ಞಾನಿ ಕಾಮರ್ಸನ್‌ನ ತಂಡ. ತಂಡ ಅಂದರೆ ಅವನೂ ಅವನ ಒಬ್ಬ ಸಹಾಯಕನೂ. ಆ ಸಹಾಯಕ ಗಂಡಸಲ್ಲ, ಗಂಡಸಿನ ಉಡುಪು ತೊಟ್ಟ ಝಾನ್ ಬಾರೆ ಎಂಬ ಹೆಂಗಸು. ಫ್ರೆಂಚ್ ನೌಕಾಪಡೆಯ ಹಡಗಿಗೆ ಹೆಂಗಸರು ಹತ್ತುವಂತಿರಲಿಲ್ಲ. ಭೂಮಿಯನ್ನು ಒಂದು ಸುತ್ತು ಹಾಕಿದ ಮೊದಲ ಮಹಿಳೆ ಅವಳೇ ಅನ್ನುತ್ತಾರೆ. ಗಿಡಕ್ಕೆ ಹೆಸರು ಬಿದ್ದದ್ದು ಮಾತ್ರ ಕಪ್ತಾನನದು. ಬೇರು ಒಬ್ಬರದು, ಹೂವು ಇನ್ನೊಬ್ಬರದು ಅನ್ನುವ ನಿಯಮ ಆಗಲೇ ಜಾರಿಯಲ್ಲಿತ್ತು.

ಉಪವಾಸದ ಮಾತಿಗೆ ಅಜ್ಜಿ ಒಪ್ಪದಿದ್ದರೆ ಮಲ್ಲಿಗೆ ಬೆಳೆಯುವವರನ್ನು ಕೇಳಲಿ. ಅವರಿಗೆ ಇದು ವ್ರತ. ಚಳಿಗಾಲ ಬರುತ್ತಿದ್ದಂತೆ ನೀರು ನಿಲ್ಲಿಸಿ, ಎಲೆ ಉದುರಿಸಿ, ಕೊಂಬೆ ಕತ್ತರಿಸಿ ಗಿಡವನ್ನು ಬೋಳು ಮಾಡಿ ಬಿಡುತ್ತಾರೆ. ಆಮೇಲೆ ಗೊಬ್ಬರ, ನೀರು. ಹೊಸ ಚಿಗುರು ಬಂದರೆ ಅದರ ತುದಿಯಲ್ಲಿ ಮೊಗ್ಗು. ಉಡುಪಿ ಕಡೆ ಶಂಕರಪುರದಲ್ಲಿ ಮಲ್ಲಿಗೆಗೆ ದಿನದಿನವೂ ದರ ಹೊರಡುತ್ತದೆ, ಚೆಂಡಿನ ಲೆಕ್ಕ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮದುವೆ ಸೀಸನ್ನಿನಲ್ಲಿ ಆ ದರ ಕೇಳಿದವರು ಮನೆಯಲ್ಲೇ ಒಂದು ಗಿಡ ಹಾಕುತ್ತೇವೆ ಅನ್ನುತ್ತಾರೆ, ಹಾಕುತ್ತಾರೆ ಕೂಡ. ಕತ್ತರಿ ಕೈಗೆ ಕೊಟ್ಟಾಗ ಮಾತ್ರ, "ಪಾಪ, ಈಗ ತಾನೆ ಚಿಗುರಿದೆ" ಅಂತ ಹಿಂಜರಿಕೆ. ಚಿಗುರು ಉಳಿಯುತ್ತದೆ. ಮುಡಿಯುವುದಕ್ಕೆ ಮಾರ್ಕೆಟ್ಟಿನಿಂದ ಮೊಳ ಹೂ ಬರುತ್ತದೆ.

ಎಳೆ ಬಳ್ಳಿಗೆ ದಾರಿ ತೋರಿಸುವ ಚಟ ಇನ್ನೊಂದು. ಡಾರ್ವಿನ್ ಮಹಾಶಯ ಕಾಯಿಲೆ ಬಿದ್ದು ಕೋಣೆಯಲ್ಲೇ ಉಳಿದಿದ್ದಾಗ, ಬಿಯರಿಗೆ ಕಹಿ ಕೊಡುತ್ತದಲ್ಲ, ಆ ಹಾಪ್ ಬಳ್ಳಿಯನ್ನು ಪಕ್ಕಕ್ಕಿಟ್ಟುಕೊಂಡು ಹಗಲೂ ರಾತ್ರಿ ನೋಡುತ್ತಿದ್ದ. ಅದರ ಕುಡಿ ಗಾಳಿಯಲ್ಲಿ ಆಸರೆ ಹುಡುಕುತ್ತ ಸುಮಾರು ಎರಡು ಗಂಟೆಗೊಂದು ಸುತ್ತು ತಿರುಗುತ್ತಿತ್ತಂತೆ. ಹತ್ತುವ ಗಿಡಗಳ ಮೇಲೆ ಅವನು 1865ರಲ್ಲಿ ಪ್ರಕಟಿಸಿದ ದೊಡ್ಡ ಪ್ರಬಂಧದಲ್ಲಿ ಇದೆಲ್ಲ ಇದೆ. ಹಾಪ್ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತದೆ. ನಮ್ಮ ಹುರುಳಿಕಾಯಿ ಬಳ್ಳಿಯೂ ಸೇರಿ ಬಹುಪಾಲು ಬಳ್ಳಿಗಳು ಮೇಲಿನಿಂದ ನೋಡಿದರೆ ಅದಕ್ಕೆ ಎದುರು ದಿಕ್ಕಿಗೆ. ನಾವೋ, ಇದ್ಯಾವುದನ್ನೂ ನೋಡದೆ ಕಂಬಕ್ಕೆ ನಮಗೆ ತೋಚಿದ ಕಡೆಗೆ ಸುತ್ತಿ ದಾರ ಕಟ್ಟುತ್ತೇವೆ. ಮಾರನೇ ದಿನ ಕುಡಿ ಬಿಚ್ಚಿಕೊಂಡು ಮತ್ತೆ ತನ್ನ ದಿಕ್ಕಿಗೇ ಹೊರಟಿರುತ್ತದೆ. ಆಸರೆಯ ಹತ್ತಿರ ತಲುಪಿಸಿ ಕೈಬಿಟ್ಟರೆ ಸಾಕು. ಉಳಿದದ್ದು ಅದಕ್ಕೆ ಗೊತ್ತು.

ನರ್ಸರಿಯೊಂದರಲ್ಲಿ ಒಂದು ಕುಂಡಕ್ಕೆ "ಎಕ್ಸಾಟಿಕ್, ಇಂಪೋರ್ಟೆಡ್" ಅಂತ ಚೀಟಿ ಅಂಟಿಸಿದ್ದರು. ನೋಡಿದರೆ ಥನ್‌ಬರ್ಜಿಯಾ ಮೈಸೂರೆನ್ಸಿಸ್! ಹೆಸರಲ್ಲೇ ಮೈಸೂರಿದೆ, ತವರು ನಮ್ಮದೇ ಪಶ್ಚಿಮಘಟ್ಟ. ಇಂಗ್ಲೆಂಡಿನವರು ಗಾಜಿನ ಮನೆಯಲ್ಲಿ ಬೆಚ್ಚಗಿಟ್ಟು ಸಾಕುತ್ತಾರೆ, ಅಲ್ಲಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಅದಕ್ಕೆ ಪ್ರಶಸ್ತಿಯನ್ನೂ ಕೊಟ್ಟಿದೆ. ನಮಗೆ ಅದು ಫಾರಿನ್ನು. ಹಳದಿ, ಕಂದುಗೆಂಪಿನ ಹೂಗಳು ಉದ್ದನೆ ಸರದಲ್ಲಿ ಕೆಳಗೆ ಇಳಿಬೀಳುತ್ತವೆ, ಜೇನು ಹೀರಲು ಸೂರಕ್ಕಿ ಬಂದು ತಲೆಕೆಳಗಾಗಿ ಜೋತುಬೀಳುತ್ತದೆ. ಎತ್ತರದ ಚಪ್ಪರಕ್ಕೆ ಹಬ್ಬಿಸಿ ಕೆಳಗೆ ಕುರ್ಚಿ ಹಾಕಿಕೊಂಡು ನೋಡಬೇಕಾದದ್ದನ್ನು ಬಾಲ್ಕನಿಯ ಗ್ರಿಲ್ಲಿಗೆ ಹಬ್ಬಿಸುವವರಿದ್ದಾರೆ. ಸರ ಕೆಳಗಿನ ಮಹಡಿಯವರ ಕಿಟಕಿಗೆ ತೋರಣ.

ಕೊನೆಗೆ ಕಡ್ಡಿಯ ವಿಚಾರ. ಕೇಳಿ ತಂದ ಕಡ್ಡಿ ಹತ್ತುವುದಿಲ್ಲ, ಕದ್ದು ತಂದದ್ದೇ ಚಿಗುರುವುದು ಅಂತ ನಮ್ಮ ಹೆಂಗಸರಲ್ಲಿ ಗಟ್ಟಿ ನಂಬಿಕೆ. ಇದಕ್ಕೆ ನನ್ನದೊಂದು ಸಿದ್ಧಾಂತವಿದೆ. ಕೇಳಿದವರಿಗೆ ಮನೆಯವರು ಮರ್ಯಾದೆಯಿಂದ, ತುದಿಯಲ್ಲಿ ಹೂವಿರುವ ಎಳೆ ಕೊಂಬೆಯನ್ನೇ ಆರಿಸಿ ಕೊಡುತ್ತಾರೆ. ಅದು ಮನೆ ಮುಟ್ಟುವಷ್ಟರಲ್ಲಿ ಬಾಡುತ್ತದೆ. ಕದಿಯುವವಳಿಗೆ ಆರಿಸುವಷ್ಟು ಪುರುಸೊತ್ತೆಲ್ಲಿ? ಕಾಂಪೌಂಡಿನಿಂದ ಆಚೆ ಚಾಚಿದ, ಪೆನ್ಸಿಲ್ ದಪ್ಪದ, ಬಲಿತ ಕೊಂಬೆಯನ್ನು ಲಟಕ್ಕನೆ ಮುರಿದು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಾಳೆ. ಬೋಗನ್‌ವಿಲ್ಲ ಬೇರು ಬಿಡುವುದು ಅಂಥ ಕೊಂಬೆಯಲ್ಲೇ. ಮನೆಗೆ ಹೋಗಿ ಎಲೆ ಕಿತ್ತು, ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಮರಳು ಬೆರೆಸಿದ ಮಣ್ಣಿಗೆ ಚುಚ್ಚಿ ನೆರಳಲ್ಲಿಟ್ಟರೆ ಮುಗಿಯಿತು. ಆದ್ದರಿಂದ ಕದಿಯಬೇಡಿ, ಕೇಳಿಯೇ ತನ್ನಿ. ಆದರೆ ಕೊಟ್ಟ ಹೂವಿನ ಕಡ್ಡಿಯನ್ನು ದೇವರಿಗೆ ಏರಿಸಿ, "ಆ ಒಣಗಿದ ಹಾಗಿರೋದನ್ನ ಕೊಡ್ತೀರಾ ಅಕ್ಕ" ಅನ್ನಿ. ಕೊಡುತ್ತಾರೆ. ಪಕ್ಕದ ಮನೆಯ ಕಡೆಗೆ ಹೋಗಿರುವುದು ಅದೇ ಕೊಂಬೆ ತಾನೆ, ಕಡಿದಷ್ಟೂ ಅವರಿಗೆ ಸಮಾಧಾನ.